ಟ್ರೇಲರ್‌ನ ಲಿಥಿಯಂ ಬ್ಯಾಟರಿಗೆ ಡೈನಮೋದಿಂದ ನೇರ ವಯರ್ ಬೇಡ

ಸಂಪಾದಕರಿಗೆ,

ಮಾನ್ಯರೇ,

ಟ್ರೇಲರ್ ಎಳೆಯುವ ಗಾಡಿಗಳಿಗೆ ಲಿಥಿಯಂ ಬ್ಯಾಟರಿ ಕೂರಿಸುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನೂ, ಅದಕ್ಕೆ ಉತ್ತರವಾಗಿ ಓದುಗರೊಬ್ಬರು ಬರೆದ ಪತ್ರವನ್ನೂ ಓದಿದೆ. ಗಾಡಿ ಓಡುತ್ತಿದ್ದರಾಯಿತು, ಹಿಂದಿನ ಬ್ಯಾಟರಿ ತನ್ನಷ್ಟಕ್ಕೆ ಚಾರ್ಜ್ ಆಗುತ್ತದೆ ಎಂದು ಲೇಖನ ಹೇಳುತ್ತದೆ. ಲಿಥಿಯಂ ಎಂದರೆ ಬೆಂಕಿ, ಅದರ ಸಹವಾಸವೇ ಬೇಡ ಎಂದು ಪತ್ರ ಹೇಳುತ್ತದೆ. ಬದಿಯಡ್ಕ ಪೇಟೆಯಿಂದ ಸ್ವಲ್ಪ ಒಳಗೆ ಅಂಗಡಿ ಇಟ್ಟುಕೊಂಡು ಡೈನಮೋ, ಸೆಲ್ಫ್ ಮೋಟಾರ್ ಬಿಚ್ಚಿ ಕಟ್ಟುವುದನ್ನೇ ಕಸುಬು ಮಾಡಿಕೊಂಡ ನನಗೆ ಎರಡೂ ಸರಿ ಕಾಣಲಿಲ್ಲ. ಬ್ಯಾಟರಿ ಒಳ್ಳೆಯದೇ. ಆದರೆ ಅದನ್ನು ಗಾಡಿಯಿಂದ ಚಾರ್ಜ್ ಮಾಡುವುದಾದರೆ, ಇಂಜಿನ್ ಓಡುವಾಗ ಕರೆಂಟು ಮಾಡುವ ಡೈನಮೋಕ್ಕೂ ಅದಕ್ಕೂ ನಡುವೆ ಡಿಸಿ-ಡಿಸಿ ಚಾರ್ಜರ್ ಎಂಬ ಒಂದು ಪೆಟ್ಟಿಗೆ ಬೇಕೇ ಬೇಕು, ಮತ್ತು ಬ್ಯಾಟರಿ ಮಾರುವವರು ಅದನ್ನು ಹೇಳುವುದಿಲ್ಲ. ಹೇಳಲಿಕ್ಕಿರುವುದು ಇಷ್ಟೇ. ಇಷ್ಟೇ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲವಾದ್ದರಿಂದ ಕಾರಣ ಸಮೇತ ಬರೆಯುತ್ತಿದ್ದೇನೆ. ಉದ್ದವಾಯಿತೆಂದರೆ ಕತ್ತರಿಸಿ, ಅಂಕಿಗಳಿಗೆ ಮಾತ್ರ ಕತ್ತರಿ ಹಾಕಬೇಡಿ.

ನಮ್ಮ ಕಡೆ ಟ್ರೇಲರ್ ಎಂದರೆ ಮಂಚ, ಅಡುಗೆ ಒಲೆ ಎಲ್ಲ ಇರುವ ತಿರುಗಾಟದ ಮನೆಯಲ್ಲ. ಕೇರಳ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದ ಮೇಲೆ ಬೇಕಲದ ಕಡೆ ಅಂಥವುಗಳ ಮಾತು ಕೇಳಿಬರುತ್ತದೆ, ಅದಿರಲಿ. ನನ್ನ ಅಂಗಡಿಯ ಮುಂದೆ ನಿಲ್ಲುವುದು ಮೈಕ್ ಸೆಟ್ಟಿನವರ, ಲೈಟಿನವರ, ಐಸ್ ಬಿಟ್ಟು ಫ್ರೀಜರ್ ಇಟ್ಟುಕೊಂಡ ಮೀನಿನವರ, ತಟ್ಟುಕಡೆ ಎನ್ನುವ ರಸ್ತೆಬದಿಯ ತಿಂಡಿ ಅಂಗಡಿಯವರ ಟ್ರೇಲರ್‌ಗಳು. ಹಿಂದೆಲ್ಲ ಇವರ ಜೊತೆ ಒಂದು ಜನರೇಟರ್ ಇರುತ್ತಿತ್ತು. ತಾಳಮದ್ದಳೆಯಲ್ಲಿ ಅರ್ಥಧಾರಿ ಏರು ದನಿಯಿಂದ ಇಳಿದು ಮೆಲ್ಲಗೆ ಒಂದು ಮಾತು ತೆಗೆಯುವ ಹೊತ್ತಿಗೆ ಚಪ್ಪರದ ಹಿಂದಿನಿಂದ ಜನರೇಟರ್ ಗುಡುಗುಟ್ಟಿದರೆ ಕೇಳುವವರಿಗೂ ಆಗದು, ಹೇಳುವವರಿಗೂ ಆಗದು. ಬ್ಯಾಟರಿಗೆ ಇನ್ವರ್ಟರ್ ಕೊಟ್ಟು ಮೈಕ್ ನಡೆಸಿದರೆ ಸದ್ದೇ ಇಲ್ಲ. ಅಲ್ಲಿಂದ ಶುರುವಾದದ್ದು ಇದು.

ಮೊದಮೊದಲು ಮನೆಯಲ್ಲಿಡುವ ಸೀಸದ ಟ್ಯೂಬುಲರ್ ಬ್ಯಾಟರಿಯನ್ನೇ ಹೊರುತ್ತಿದ್ದರು. 150 ಆಂಪಿಯರ್-ಅವರ್ ಕರೆಂಟು ಹಿಡಿಯುವಂಥದ್ದು ಒಂದು ಐವತ್ತು ಕಿಲೋ ದಾಟುತ್ತದೆ, ಎತ್ತಿಳಿಸುವಾಗ ಆಸಿಡ್ ಚೆಲ್ಲಿ ಲುಂಗಿ ತೂತಾಗುತ್ತದೆ, ಅರ್ಧಕ್ಕಿಂತ ಹೆಚ್ಚು ಹಿಂಡಿದರೆ ಆಯುಸ್ಸು ಮುಗಿಯುತ್ತದೆ. ಲಿಥಿಯಂನದ್ದು 100 ಆಂಪಿಯರ್-ಅವರ್‌ನದ್ದಾದರೆ ಹನ್ನೆರಡು ಕಿಲೋ ಆಸುಪಾಸು, ನೂರರಲ್ಲಿ ಎಂಬತ್ತು ಖರ್ಚು ಮಾಡಿದರೂ ಅದಕ್ಕೆ ಏನೂ ಅನಿಸುವುದಿಲ್ಲ. ಬೇಡವೇ ಬೇಡ ಎಂದು ಬರೆದ ಓದುಗರು ಒಮ್ಮೆ ರಾತ್ರಿ ಎರಡು ಗಂಟೆಗೆ ಕಟ್ಟೆಯಿಂದ ಟ್ರೇಲರ್‌ಗೆ ಟ್ಯೂಬುಲರ್ ಹೊತ್ತು ನೋಡಲಿ, ಆಮೇಲೆ ಮಾತಾಡೋಣ.

ಈಗ ನನ್ನ ಬೆಂಚಿಗೆ ಬರುವುದೇನು ಎಂದು ಹೇಳುತ್ತೇನೆ. ಸುಟ್ಟ ಡೈನಮೋ. ಸರಿಯಾದ ಹೆಸರು ಆಲ್ಟರ್ನೇಟರ್, ನಮ್ಮಲ್ಲಿ ಎಲ್ಲರ ಬಾಯಲ್ಲೂ ಡೈನಮೋವೇ. ಹಿಂದಿನ ಮುಚ್ಚಳ ತೆಗೆದ ಕೂಡಲೇ ವಾರ್ನಿಷ್ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ, ಕೈಗೆ ಅಂಟಿದರೆ ಸಂಜೆವರೆಗೆ ಹೋಗುವುದಿಲ್ಲ. ಒಳಗೆ ಸ್ಟೇಟರ್ ಎಂಬ ತಿರುಗದ ಭಾಗದ ತಾಮ್ರದ ಸುರುಳಿಗಳು ಒಳ್ಳೆಯ ಸ್ಥಿತಿಯಲ್ಲಿ ಹೊಂಬಣ್ಣಕ್ಕಿರುತ್ತವೆ. ಸುಟ್ಟು ಬಂದವುಗಳಲ್ಲಿ ಸುತ್ತಲೂ ಒಂದೇ ಸಮ ಕಪ್ಪಾಗಿರುತ್ತವೆ. ಉಗುರಿನಲ್ಲಿ ಕೆರೆದರೆ ಲೇಪ ಹುಡಿಯಾಗಿ ಉದುರುತ್ತದೆ. ಬೇರಿಂಗ್ ಹೋದದ್ದಕ್ಕೆ ಸುಟ್ಟದ್ದಾದರೆ ಒಂದು ಮಗ್ಗುಲಲ್ಲಿ ಉಜ್ಜಿದ ಗುರುತಿರುತ್ತದೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಒಂದು ಶಾರ್ಟ್ ಆದದ್ದಾದರೆ ಒಂದೊಂದು ಸುರುಳಿ ಕಪ್ಪು, ಉಳಿದದ್ದು ಚೆನ್ನಾಗಿರುತ್ತದೆ. ಸುತ್ತಲೂ ಒಂದೇ ಸಮ ಕಪ್ಪಾಯಿತೆಂದರೆ ಮಿತಿ ಮೀರಿದ ಕರೆಂಟು ತುಂಬ ಹೊತ್ತು ಹರಿದಿದೆ ಎಂದೇ ಅರ್ಥ. ಗಾಡಿಯವನನ್ನು "ಹಿಂದೆ ಎಂತ ಕಟ್ಟಿದ್ದೀರಿ?" ಎಂದು ಕೇಳುತ್ತೇನೆ. "ಎಂತದೂ ಇಲ್ಲ, ಒಂದು ಸಣ್ಣ ಟ್ರೇಲರ್" ಎನ್ನುತ್ತಾನೆ. ಹೋಗಿ ನೋಡಿದರೆ ಅದರೊಳಗೆ ಜೋಡಿ ಲಿಥಿಯಂ ಕೂತಿರುತ್ತದೆ.

ಮುಳ್ಳೇರಿಯ ಕಡೆಯ ಒಬ್ಬ ಮೈಕಿನವನದ್ದು ಹೇಳುತ್ತೇನೆ, ಅವನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. 100 ಆಂಪಿಯರ್-ಅವರ್‌ನ ಎರಡು ಬ್ಯಾಟರಿ, ಇನ್ವರ್ಟರ್, ಎಳೆಯಲು ಪಿಕಪ್. ಮಾರಿದ ಅಂಗಡಿಯವರು ಮುಂದಿನ ಬ್ಯಾಟರಿಯಿಂದ ಹಿಂದಕ್ಕೆ 4 ಸ್ಕ್ವೇರ್ ಎಂಎಂ ವಯರ್ ಎಳೆದು, ನಡುವೆ ರಿಲೇ ಎಂಬ ತಾನಾಗಿ ಕೂಡಿ ಬಿಡುವ ಸ್ವಿಚ್ಚು ಹಾಕಿ ಕೊಟ್ಟಿದ್ದರು. ಒಂದು ಇಡೀ ಸೀಸನ್ ಏನೂ ತೊಂದರೆ ಆಗಲಿಲ್ಲ. ಚಾರ್ಜ್ ನಿಧಾನ ಎಂಬ ಒಂದೇ ತಕರಾರು. ಪತ್ತನಾಜೆ ಕಳೆದು ಯಕ್ಷಗಾನದ ಆಟಗಳೆಲ್ಲ ನಿಂತಮೇಲೆ ಬಿಡುವಾಯಿತಲ್ಲ, ಯಾರೋ ಮೊಬೈಲಿನಲ್ಲಿ ವಿಡಿಯೋ ತೋರಿಸಿ ವಯರ್ ದಪ್ಪ ಮಾಡು ಎಂದರು. 16 ಸ್ಕ್ವೇರ್ ಎಂಎಂ ಕೇಬಲ್ ಹಾಕಿಸಿದ. ದೀಪಾವಳಿ ಕಳೆದು ಕೆಲಸ ಶುರುವಾದ ಸ್ವಲ್ಪದರಲ್ಲೇ ಡೈನಮೋ ಹೋಯಿತು. ಅವನ ಪ್ರಶ್ನೆ ನ್ಯಾಯವಾದದ್ದು: ಕಳಪೆ ವಯರಿನಲ್ಲಿ ಸರಿ ಇದ್ದದ್ದು ಒಳ್ಳೆಯ ಕೇಬಲ್ ಹಾಕಿದ ಮೇಲೆ ಸುಟ್ಟದ್ದು ಹೇಗೆ?

ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಬಾನೆಟ್ಟಿನಿಂದ ಟ್ರೇಲರ್‌ನ ಪೆಟ್ಟಿಗೆವರೆಗೆ ಏಳು ಮೀಟರ್ ಎಂದಿಟ್ಟುಕೊಳ್ಳಿ. ಕರೆಂಟು ಹೋಗಿ ವಾಪಸು ಬರಬೇಕಾದ್ದರಿಂದ ತಾಮ್ರದ ಉದ್ದ ಹದಿನಾಲ್ಕು ಮೀಟರ್. 4 ಸ್ಕ್ವೇರ್ ಎಂಎಂ ವಯರಿನಲ್ಲಿ ಅಷ್ಟುದ್ದಕ್ಕೆ ತಡೆ ಸುಮಾರು 0.06 ಓಮ್. 16ರಲ್ಲಿ ಅದರ ಕಾಲುಭಾಗ, ಸುಮಾರು 0.015 ಓಮ್. ಡೈನಮೋ ಕೊಡುವುದು 14.2 ವೋಲ್ಟ್, ಖಾಲಿ ಲಿಥಿಯಂ ಚಾರ್ಜ್ ತೆಗೆದುಕೊಳ್ಳುವಾಗ ನಿಲ್ಲುವುದು 13 ವೋಲ್ಟ್ ಹತ್ತಿರ. ನಡುವಿನ ವ್ಯತ್ಯಾಸ 1.2 ವೋಲ್ಟ್. ಅದನ್ನು ತಡೆಯಿಂದ ಭಾಗಿಸಿದರೆ ತೆಳು ವಯರಿನಲ್ಲಿ ಹರಿಯುವುದು 20 ಆಂಪಿಯರ್, ದಪ್ಪ ಕೇಬಲ್ಲಿನಲ್ಲಿ 80ರ ಹತ್ತಿರ. ಬ್ಯಾಟರಿಯ ಒಳಗಿನದ್ದು, ಜಾಯಿಂಟಿನದ್ದು ಎಂದು ಸ್ವಲ್ಪ ತಡೆ ಸೇರಿಸಿಕೊಂಡರೂ ಅರವತ್ತಕ್ಕೆ ಮೋಸವಿಲ್ಲ. ಹೊಸ ಡೈನಮೋ ಕೂರಿಸಿದ ದಿನ ಅವನೆದುರೇ ಕರೆಂಟು ಅಳೆಯುವ ಕ್ಲಾಂಪ್ ಮೀಟರ್ ಹಾಕಿ ತೋರಿಸಿದೆ, ಆಕ್ಸಿಲರೇಟರ್ ಒತ್ತಿದ ಹಾಗೆ ಮುಳ್ಳು ಅರವತ್ತು ದಾಟಿತು. ಹೆಡ್‌ಲೈಟ್, ವೈಪರ್, ಫ್ಯಾನಿನ ಖರ್ಚು ಬೇರೆ. ಆ ಡೈನಮೋದ ಮೇಲೆ ಬರೆದದ್ದು 90 ಆಂಪಿಯರ್. ತೆಳು ವಯರಿನ ತಡೆಯೇ ಅಷ್ಟು ದಿನ ಅವನ ಡೈನಮೋವನ್ನು ಕಾಯ್ದಿತ್ತು.

ಹಾಗಾದರೆ ತೆಳು ವಯರೇ ಸಾಕಲ್ಲ ಎಂದು ಕೇಳುವವರಿದ್ದಾರೆ. ಸಾಲದು. ವಯರ್ ಎಷ್ಟು ತಡೆಯುತ್ತದೋ ಅಷ್ಟನ್ನು ಬಿಸಿ ಮಾಡಿಯೇ ತಡೆಯುವುದು. ಉದ್ದದ ವಯರಿನಲ್ಲಿ ಆ ಬಿಸಿ ಹಂಚಿಹೋಗುತ್ತದೆ ಸರಿ, ಆದರೆ ಟ್ರೇಲರ್‌ನ ಏಳು ಪಿನ್ನಿನ ಪ್ಲಗ್ಗಿನಲ್ಲಿ ಹಂಚಿಹೋಗಲು ಜಾಗವಿಲ್ಲ. ಇಂಡಿಕೇಟರ್, ಬ್ರೇಕ್ ಲೈಟಿಗೆಂದು ಮಾಡಿದ ಪಿನ್ನುಗಳವು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ಹಸಿರು ಕಟ್ಟುತ್ತವೆ, ಹಸಿರು ಕಟ್ಟಿದ ಪಿನ್ನಿನಲ್ಲಿ ಕರೆಂಟು ಹರಿದರೆ ಪ್ಲಾಸ್ಟಿಕ್ ಕರಗಿ ಎರಡು ಪಿನ್ನು ಒಂದಾಗುತ್ತವೆ. ಲಿಥಿಯಂಗೆ ಬೆಂಕಿ ಬಿತ್ತು ಎಂದು ನನ್ನ ಹತ್ತಿರ ತಂದು ತೋರಿಸಿದ್ದರಲ್ಲಿ ನಾನು ಕಂಡದ್ದು ಇಂಥ ಪ್ಲಗ್ಗು, ಫ್ಯೂಸ್ ಇಲ್ಲದ ವಯರು. ಬ್ಯಾಟರಿ ಪಕ್ಕದಲ್ಲಿ ಏನೂ ಆಗದೆ ಕೂತಿತ್ತು.

ಇನ್ನು ಡೈನಮೋ ಏಕೆ ಸುಡುತ್ತದೆ ಎಂಬುದು. ಸೀಸದ ಬ್ಯಾಟರಿ ಪಂಕ್ತಿಯಲ್ಲಿ ಕೂತ ಹಿರಿಯರ ಹಾಗೆ. ಮೊದಲು ಚೆನ್ನಾಗಿಯೇ ಬಡಿಸಿಕೊಳ್ಳುತ್ತಾರೆ, ಸ್ವಲ್ಪ ಹೊತ್ತಿನಲ್ಲೇ ಎಲೆಗೆ ಕೈ ಅಡ್ಡ ಹಿಡಿದು ಸಾಕು ಸಾಕು ಎನ್ನುತ್ತಾರೆ. ತುಂಬುತ್ತ ಬಂದ ಹಾಗೆ ಅದರ ವೋಲ್ಟ್ ಏರುತ್ತದೆ, ಕರೆಂಟು ತಾನಾಗಿ ಇಳಿಯುತ್ತದೆ. ಡೈನಮೋ ಮಾಡಿದವರು ನಂಬಿಕೊಂಡದ್ದು ಇದನ್ನೇ. ಗಾಡಿ ಸ್ಟಾರ್ಟ್ ಮಾಡಿ ಕೆಲವು ನಿಮಿಷ ಮೈಮುರಿದು ದುಡಿದರೆ ಆಮೇಲೆ ವಿಶ್ರಾಂತಿ ಎಂಬ ಲೆಕ್ಕಕ್ಕೆ ಅದರ ತಾಮ್ರ, ಅದರ ಫ್ಯಾನು. ಲಿಥಿಯಂನ ಒಳತಡೆ ತೀರಾ ಕಡಿಮೆ. ನಾಲ್ಕು ಸೆಲ್ಲು, ಒಂದೊಂದು 3.2 ವೋಲ್ಟ್, ಒಟ್ಟು 12.8. ಕಾಲುಭಾಗ ತುಂಬಿದಾಗಲೂ ಮುಕ್ಕಾಲು ತುಂಬಿದಾಗಲೂ ವೋಲ್ಟ್ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಪೂರಾ ತುಂಬುವ ತನಕ ಸಾಕು ಎನ್ನುವ ಜಾತಿಯೇ ಅಲ್ಲ. ಡೈನಮೋದ 14.2 ವೋಲ್ಟ್ ಲಿಥಿಯಂಗೆ ಏನೂ ಹಾನಿ ಮಾಡುವುದಿಲ್ಲ, ಅದು 14.6ರವರೆಗೆ ತಾಳುತ್ತದೆ. ಎಷ್ಟೋ ಜನ ಮೀಟರಿನಲ್ಲಿ ವೋಲ್ಟ್ ಮಾತ್ರ ನೋಡಿ ಎಲ್ಲ ಸರಿಯಾಗಿದೆ ಎಂದುಕೊಳ್ಳುತ್ತಾರೆ. ತೊಂದರೆ ಇರುವುದು ಆಂಪಿಯರಿನಲ್ಲಿ.

ಎಲ್ಲಕ್ಕಿಂತ ಕೆಟ್ಟ ಅಭ್ಯಾಸ ಒಂದುಂಟು. ಕಾರ್ಯಕ್ರಮದ ನಡುವೆ ಬ್ಯಾಟರಿ ಇಳಿಯಿತೆಂದು ಗದ್ದೆಯ ಬದಿಯಲ್ಲಿ ಗಾಡಿ ಸ್ಟಾರ್ಟ್ ಮಾಡಿ ಗಂಟೆಗಟ್ಟಲೆ ಸುಮ್ಮನೆ ನಿಲ್ಲಿಸುವುದು. ಡೈನಮೋದ ಮೇಲೆ 90 ಆಂಪಿಯರ್ ಎಂದು ಬರೆದದ್ದು ಅದು ನಿಮಿಷಕ್ಕೆ 6000 ಸುತ್ತು ತಿರುಗುವಾಗಿನ ಮಾತು. ಇಂಜಿನ್ ಐಡಲ್‌ನಲ್ಲಿರುವಾಗ ಡೈನಮೋ ತಿರುಗುವುದು ಎರಡು, ಎರಡೂವರೆ ಸಾವಿರ ಸುತ್ತು. ಆಗ ಅದರಿಂದ ಬರುವುದು ಅರ್ಧದಷ್ಟು. ಹಿಂದಿನ ಬ್ಯಾಟರಿ ಕೇಳುವುದು ಮಾತ್ರ ಪೂರ್ತಿ. ವೋಲ್ಟ್ ನೋಡಿಕೊಳ್ಳುವ ರೆಗ್ಯುಲೇಟರ್, ತಿರುಗುವ ರೋಟರಿಗೆ ಕೊಡಬೇಕಾದ್ದನ್ನೆಲ್ಲ ಕೊಟ್ಟು, ಡೈನಮೋ ತನ್ನ ಕೈಲಾದದ್ದನ್ನೆಲ್ಲ ಸುರಿಯುತ್ತಿರುತ್ತದೆ. ಫ್ಯಾನ್ ಅದೇ ಶಾಫ್ಟಿನ ಮೇಲಿರುವುದರಿಂದ ಅದೂ ನಿಧಾನ. ಗಾಡಿ ನಿಂತಿದೆ, ಎದುರಿನಿಂದ ಗಾಳಿಯೂ ಇಲ್ಲ. ಹೆಚ್ಚು ಬಿಸಿ, ಕಡಿಮೆ ಗಾಳಿ. ಅರ್ಧ ಗಂಟೆ ಕಳೆದು ಬಾನೆಟ್ ಎತ್ತಿದರೆ ಡೈನಮೋದ ಹತ್ತಿರ ಕೈ ಒಯ್ಯಲಿಕ್ಕಾಗುವುದಿಲ್ಲ. ಹೆದ್ದಾರಿ ಅಗಲೀಕರಣದ ಕಾಲದಲ್ಲಿ ತಲಪಾಡಿಯಿಂದ ಇತ್ತ ಸರ್ವಿಸ್ ರಸ್ತೆಯ ಬ್ಲಾಕಿನಲ್ಲಿ ಸಿಕ್ಕಿಬಿದ್ದವರಿಗೂ ಇದೇ ಕಥೆ. ಗಾಡಿ ಓಡುತ್ತಿದ್ದರಾಯಿತು ಎಂದು ಬರೆದ ಲೇಖಕರು ನಮ್ಮ ರಸ್ತೆಯಲ್ಲಿ ಗಾಡಿ ಎಷ್ಟು ಹೊತ್ತು ಓಡುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಿದಂತಿಲ್ಲ.

ರಿಲೇ ಹಾಕಿದ್ದೇವಲ್ಲ ಎನ್ನುವವರಿಗೆ ಒಂದು ಮಾತು. ಮಾರ್ಕೆಟಿನಲ್ಲಿ ಸಿಗುವ ವೋಲ್ಟ್ ನೋಡಿ ಕೆಲಸ ಮಾಡುವ ರಿಲೇ 13.3ಕ್ಕೆ ಕೂಡುತ್ತದೆ, 12.8ಕ್ಕೆ ಬಿಡುತ್ತದೆ. ಸೀಸದ ಬ್ಯಾಟರಿ ತುಂಬಿ ಸುಮ್ಮನಿರುವಾಗ 12.6, 12.7ಕ್ಕೆ ಇಳಿಯುವುದರಿಂದ ಇಂಜಿನ್ ಆಫ್ ಮಾಡಿದ ಸ್ವಲ್ಪದರಲ್ಲೇ ರಿಲೇ ಬಿಡುತ್ತದೆ. ಲಿಥಿಯಂ ತುಂಬಿ ಸುಮ್ಮನಿರುವಾಗಲೇ 13.3 ಇರುತ್ತದೆ. ರಿಲೇಗೆ ಇಂಜಿನ್ ನಿಂತದ್ದೇ ಗೊತ್ತಾಗುವುದಿಲ್ಲ. ಹಿಂದಿನ ಲಿಥಿಯಂ ರಾತ್ರಿಯಿಡೀ ಮುಂದಿನ ಸೀಸದ ಬ್ಯಾಟರಿಗೆ ಕರೆಂಟು ಕೊಡುತ್ತ ಕೂತಿರುತ್ತದೆ, ಬೆಳಿಗ್ಗೆ ಸೆಲ್ಫ್ ಹೊಡೆದರೆ ಸ್ಟಾರ್ಟಿಂಗ್ ಕರೆಂಟಿನ ಒಂದು ಪಾಲು ಹಿಂದಿನಿಂದ ಅದೇ ವಯರಿನ ಮೂಲಕ ಬರುತ್ತದೆ. ಫ್ಯೂಸ್ ಇದ್ದರೆ ಹಾರುತ್ತದೆ. ಇಲ್ಲದಿದ್ದರೆ ಬೇರೆ ಏನಾದರೂ ಹಾರುತ್ತದೆ.

ಹೊಸ ಗಾಡಿಗಳಲ್ಲಿ ಕಥೆ ಉಲ್ಟಾ. 2020ರ ಏಪ್ರಿಲ್‌ನಿಂದ ಬಿಎಸ್-6 ಎಂಬ ಹೊಗೆ ನಿಯಮ ಬಂದ ಮೇಲೆ ಎಷ್ಟೋ ಗಾಡಿಗಳಲ್ಲಿ ಡೈನಮೋವನ್ನು ಇಂಜಿನ್ನಿನ ಕಂಪ್ಯೂಟರೇ ನಡೆಸುತ್ತದೆ. ಡೀಸೆಲ್ ಉಳಿಸಲೆಂದು ಸಮತಟ್ಟಿನಲ್ಲಿ ಓಡುವಾಗ ವೋಲ್ಟನ್ನು 13ಕ್ಕಿಂತ ಕೆಳಗೆ ಇಳಿಸುತ್ತದೆ, ಇಳಿಜಾರಿನಲ್ಲಿ ಕಾಲು ತೆಗೆದಾಗ ಒಮ್ಮೆಲೇ ಏರಿಸುತ್ತದೆ. ಇಂಥ ಗಾಡಿಯಿಂದ ನೇರ ವಯರ್ ಎಳೆದರೆ ಮಂಗಳೂರಿಗೆ ಹೋಗಿ ಬಂದರೂ ಹಿಂದಿನ ಬ್ಯಾಟರಿ ಅರ್ಧವೂ ತುಂಬಿರುವುದಿಲ್ಲ. ಉಪ್ಪಳದ ಕಡೆಯ ಒಬ್ಬ ಮೀನಿನವನಿಗೆ ಫ್ರೀಜರ್ ನಿಂತು ಒಂದು ಲೋಡು ಅಂಜಲ್ ಹಾಳಾದದ್ದು ಹೀಗೆಯೇ. ಅವನು ಬ್ಯಾಟರಿಯನ್ನು ಬೈದ. ಅಂಗಡಿಯವರು ಬ್ಯಾಟರಿ ಬದಲಿಸಿಕೊಟ್ಟರು, ಅದೂ ಖಾಲಿಯಾಯಿತು.

ಈ ಎರಡೂ ಕಾಯಿಲೆಗೆ ಒಂದೇ ಮದ್ದು ಡಿಸಿ-ಡಿಸಿ ಚಾರ್ಜರ್. ಅದು ಮುಂದಿನಿಂದ ಬಂದ ಕರೆಂಟನ್ನು ಅಳೆದು ತೆಗೆದುಕೊಳ್ಳುತ್ತದೆ. ವೋಲ್ಟ್ ಕಡಿಮೆ ಇದ್ದರೆ ಏರಿಸಿಕೊಳ್ಳುತ್ತದೆ, ಹೆಚ್ಚಿದ್ದರೆ ಇಳಿಸಿಕೊಳ್ಳುತ್ತದೆ, ಹಿಂದಕ್ಕೆ ಲಿಥಿಯಂಗೆ ಬೇಕಾದ ವೋಲ್ಟಿನಲ್ಲಿ, ತನ್ನ ಮೇಲೆ ಬರೆದಷ್ಟೇ ಆಂಪಿಯರ್ ಕೊಡುತ್ತದೆ. ಅದಕ್ಕಿಂತ ಒಂದು ಆಂಪಿಯರ್ ಹೆಚ್ಚು ಕೊಡುವುದಿಲ್ಲ. ವಿಕ್ಟ್ರಾನ್‌ನಂಥ ಹೊರದೇಶದ ಕಂಪೆನಿಗಳದ್ದು ಸಿಗುತ್ತದೆ, ಬೇರೆಯವರದ್ದೂ ಉಂಟು. ಕಂಪೆನಿ ಯಾವುದಾದರೂ ಆಗಲಿ, ಲಿಥಿಯಂ ಸೆಟ್ಟಿಂಗ್ ಇರಬೇಕು, ಇಗ್ನಿಷನ್ನಿನಿಂದ ಒಂದು ಸಣ್ಣ ವಯರ್ ಕೊಡುವ ಜಾಗ ಇರಬೇಕು. ಬಿಎಸ್-6 ಗಾಡಿಯಲ್ಲಿ ಆ ವಯರ್ ಇಲ್ಲದಿದ್ದರೆ ಇಂಜಿನ್ ಓಡುತ್ತಿದೆಯೋ ನಿಂತಿದೆಯೋ ಎಂದು ವೋಲ್ಟ್ ನೋಡಿ ಚಾರ್ಜರಿಗೆ ತಿಳಿಯುವುದಿಲ್ಲ.

ಎಷ್ಟು ಆಂಪಿಯರಿನದ್ದು ತೆಗೆದುಕೊಳ್ಳಬೇಕು? ಡೈನಮೋದ ಮೇಲೆ ಬರೆದದ್ದರ ಮೂರನೇ ಒಂದು ಪಾಲು ಎಂಬುದು ನನ್ನ ಲೆಕ್ಕ. 90ರ ಡೈನಮೋಕ್ಕೆ 30ರ ಚಾರ್ಜರ್. ಐವತ್ತರದ್ದು ಹಾಕಿ ಎಂದು ಹಟ ಹಿಡಿಯುವವರಿದ್ದಾರೆ, ನಾನು ಹಾಕಿಕೊಡುವುದಿಲ್ಲ, ಬೇರೆ ಅಂಗಡಿಗೆ ಹೋಗಬಹುದು. 30 ಆಂಪಿಯರ್ ಹಿಂದಕ್ಕೆ ಕೊಡಬೇಕಾದರೆ ಚಾರ್ಜರ್ ಮುಂದಿನಿಂದ 38, 40 ಎಳೆಯುತ್ತದೆ ಎಂಬುದೂ ನೆನಪಿರಲಿ. ವೋಲ್ಟ್ ಏರಿಸಿದ್ದಕ್ಕೆ, ಒಳಗೆ ಬಿಸಿಯಾಗಿ ಹೋದದ್ದಕ್ಕೆ ಅಷ್ಟು ಬೇಕು. ಈಗ ದಪ್ಪ ಕೇಬಲ್ ಬೇಕು. 40 ಆಂಪಿಯರಿಗೆ ಅದೇ ಏಳು ಮೀಟರ್ ದೂರದಲ್ಲಿ 16 ಸ್ಕ್ವೇರ್ ಎಂಎಂನಲ್ಲಿ ಕಳೆದುಹೋಗುವುದು 0.6 ವೋಲ್ಟ್, 4ರಲ್ಲಾದರೆ ಎರಡೂವರೆ ವೋಲ್ಟ್ ಹತ್ತಿರ, ಜೊತೆಗೆ ಸುಮಾರು 100 ವ್ಯಾಟಿನ ಬಿಸಿ. ಮುಳ್ಳೇರಿಯದವನ 16ರ ಕೇಬಲ್ ವ್ಯರ್ಥವಾಗಲಿಲ್ಲ, ಚಾರ್ಜರ್ ಕೂರಿಸುವಾಗ ಅದನ್ನೇ ಬಳಸಿದೆ.

ಚಾರ್ಜರನ್ನು ಟ್ರೇಲರ್‌ನಲ್ಲಿ, ಬ್ಯಾಟರಿಯ ಹತ್ತಿರವೇ ಕೂರಿಸಬೇಕು. ಬಾನೆಟ್ಟಿನೊಳಗೆ ಅದಕ್ಕೆ ಬಿಸಿ ತಡೆಯಲಾಗುವುದಿಲ್ಲ. ಟ್ರೇಲರ್‌ನಲ್ಲೂ ಅದರ ಮೇಲೆ ವಯರಿನ ಸುರುಳಿ, ತಾಟಿನ ಕಟ್ಟು ಹೇರಬಾರದು, ಅದರ ಬೆನ್ನಿನ ಅಲ್ಯುಮಿನಿಯಂ ಹಲ್ಲುಗಳಿಗೆ ಗಾಳಿ ಬೇಕು. ಫ್ಯೂಸ್ ಕೇಬಲ್ಲಿನ ಎರಡೂ ತುದಿಯಲ್ಲಿ, ಬ್ಯಾಟರಿಗೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ. ಎರಡೇಕೆ ಎಂದರೆ ಎರಡು ತುದಿಯಲ್ಲೂ ಬ್ಯಾಟರಿ ಇದೆ, ನಡುವೆ ಕೇಬಲ್ ಚೇಸಿಸ್ಸಿಗೆ ಉಜ್ಜಿ ತುಂಡಾದರೆ ಎರಡೂ ಕಡೆಯಿಂದ ಸುರಿಯುತ್ತದೆ. ಏಳು ಪಿನ್ನಿನ ಪ್ಲಗ್ ಲೈಟಿಗೆ ಮಾತ್ರ ಇರಲಿ, ಇದಕ್ಕೆ ಬೂದು ಬಣ್ಣದ 50 ಆಂಪಿಯರಿನ ಆಂಡರ್ಸನ್ ಕನೆಕ್ಟರ್ ಹಾಕಬೇಕು. ಅರ್ತ್ ಹೇಗೂ ಟ್ರೇಲರ್ ಎಳೆಯುವ ಹುಕ್ಕಿನ ಮೂಲಕವೇ ಸಿಗುತ್ತದೆ ಎಂದು ನೆಗೆಟಿವ್ ವಯರ್ ಉಳಿಸುವವರಿದ್ದಾರೆ. ಹುಕ್ಕಿನ ಗುಂಡಿಗೆ ಗ್ರೀಸ್ ಬಳಿಯುತ್ತೀರಿ, ಗ್ರೀಸ್ ಇಲ್ಲದಲ್ಲಿ ತುಕ್ಕು, ಅದರಲ್ಲಿ 40 ಆಂಪಿಯರ್ ಹೇಗೆ ಹೋಗಬೇಕು? ನೆಗೆಟಿವ್ ಕೂಡ ಅಷ್ಟೇ ದಪ್ಪದ ಕೇಬಲ್ಲಿನಲ್ಲೇ ಬರಲಿ.

ನೇರ ವಯರಿನ ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಲಿಥಿಯಂ ಬ್ಯಾಟರಿಯೊಳಗೆ ಬಿಎಂಎಸ್ ಎಂಬ ಕಾವಲಿನ ಬೋರ್ಡ್ ಉಂಟು. ಒಂದು ಸೆಲ್ಲು ತುಂಬಿ ತುಳುಕಿದರೂ, ಬಿಸಿ ಮಿತಿ ಮೀರಿದರೂ ಅದು ತಟ್ಟನೆ ಬಾಗಿಲು ಹಾಕುತ್ತದೆ. ಅಷ್ಟು ಹೊತ್ತು ಅರವತ್ತು ಆಂಪಿಯರ್ ಕಳಿಸುತ್ತಿದ್ದ ಡೈನಮೋಕ್ಕೆ ಒಮ್ಮೆಲೇ ಹೋಗಲು ಜಾಗವಿಲ್ಲದಾಗುತ್ತದೆ, ವೋಲ್ಟ್ ಒಂದು ಕ್ಷಣ ಮೇಲೆ ಹಾರುತ್ತದೆ. ಮುಂದಿನ ಸೀಸದ ಬ್ಯಾಟರಿ ಚೆನ್ನಾಗಿದ್ದರೆ ಅದು ನುಂಗಿಕೊಳ್ಳುತ್ತದೆ. ಅದು ಹಳತಾಗಿದ್ದರೆ ಡೈನಮೋದ ಡಯೋಡ್ ಹೋಗುತ್ತದೆ, ಕೆಲವೊಮ್ಮೆ ಜೊತೆಗೆ ಗಾಡಿಯ ಕಂಪ್ಯೂಟರ್ ಕೂಡ. ನಮ್ಮ ಮಾರ್ಚ್-ಏಪ್ರಿಲ್ ಬಿಸಿಲಿಗೆ ತಗಡಿನ ಟ್ರೇಲರ್ ಮುಚ್ಚಿಟ್ಟರೆ ಒಳಗೆ ಬಿಎಂಎಸ್ ಬಾಗಿಲು ಹಾಕಲು ಬೇಕಾದಷ್ಟು ಬಿಸಿ ಆಗುತ್ತದೆ. ಚಾರ್ಜ್ ಮಾಡಲು 45 ಡಿಗ್ರಿಯ ಒಳಗಿರಬೇಕು ಎಂದೇ ಹೆಚ್ಚಿನ ಬ್ಯಾಟರಿಗಳ ಮೇಲೆ ಬರೆದಿರುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೂ ಚಾರ್ಜ್ ಮಾಡಬಾರದು, ಅದು ಲಡಾಖಿಗೆ ಹೋಗುವವರ ಚಿಂತೆ, ನಮ್ಮದಲ್ಲ.

ಬೆಂಕಿಗೆ ಹೆದರಿದ ಓದುಗರಿಗೂ ಒಂದು ಮಾತು. 2022ರಲ್ಲಿ ಇಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ, ಹೆದರಿಕೆ ಸಹಜ. ಆದರೆ ಲಿಥಿಯಂನಲ್ಲಿ ಜಾತಿ ಹಲವು. ಟ್ರೇಲರ್‌ಗೆ ಹಾಕುವುದು ಲಿಥಿಯಂ ಐರನ್ ಫಾಸ್ಫೇಟ್. ಅದರಲ್ಲಿ ಆಕ್ಸಿಜನ್ ಫಾಸ್ಫೇಟಿನೊಳಗೆ ಗಟ್ಟಿಯಾಗಿ ಹಿಡಿದಿರುವುದರಿಂದ ಮೊಬೈಲಿನ ಕೋಬಾಲ್ಟ್ ಬ್ಯಾಟರಿಯಷ್ಟು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಹೊತ್ತಿಕೊಳ್ಳುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಈ ರಸಾಯನವನ್ನು ಬ್ಯಾಟರಿಗೆ ಬಳಸಬಹುದೆಂದು 1997ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಬಂದ ಪ್ರಬಂಧದ ಮೇಲೆ ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್ ಎಂದು ಹೆಸರುಗಳಿವೆ. ಗುಡ್‌ಇನಫ್ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ನಂಜುಂಡಸ್ವಾಮಿ ಎಂಬ ಹೆಸರು ಓದಿ ನನಗೆ ಆದ ಖುಷಿ ನೊಬೆಲ್ಲಿನ ಸುದ್ದಿಯಿಂದಲೂ ಆಗಿರಲಿಲ್ಲ. ನಿಮ್ಮ ಪುರವಣಿಯಲ್ಲಿ ಆ ಹೆಸರನ್ನೂ ಒಮ್ಮೆ ಹಾಕಬಹುದಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ವ್ಯಾಪಾರಕ್ಕೆ ಹೊಡೆತ ಬೀಳುವ ಮಾತೊಂದನ್ನು ಹೇಳುತ್ತೇನೆ. ನಮ್ಮ ಕಡೆಯ ಹೆಚ್ಚಿನವರಿಗೆ ಗಾಡಿಯಿಂದ ಚಾರ್ಜ್ ಮಾಡುವ ಅಗತ್ಯವೇ ಇಲ್ಲ. 30 ಆಂಪಿಯರಿನ ಚಾರ್ಜರ್ ಗಂಟೆಗೆ ತುಂಬುವುದು 30 ಆಂಪಿಯರ್-ಅವರ್. ಬದಿಯಡ್ಕದಿಂದ ಮಂಗಳೂರಿಗೆ ಒಂದೂವರೆ ಗಂಟೆಯ ದಾರಿ, ಅಷ್ಟರಲ್ಲಿ ಬರುವುದು ನಲವತ್ತೈದು. ಎರಡು ಬ್ಯಾಟರಿಯನ್ನು ನೂರರಲ್ಲಿ ಎಂಬತ್ತರಷ್ಟು ಖಾಲಿ ಮಾಡಿದ್ದರೆ ಬೇಕಾದದ್ದು 160, ಅಂದರೆ ಐದು ಗಂಟೆಗೂ ಹೆಚ್ಚು ಓಡಬೇಕು. ನಮ್ಮ ಮೈಕಿನವರ ಓಡಾಟ ಪೆರ್ಲ, ನೀರ್ಚಾಲು, ಅಡೂರು, ಹೆಚ್ಚೆಂದರೆ ಸುಳ್ಯ. ಎಲ್ಲ ಸಣ್ಣ ದಾರಿ. ಮನೆಗೆ ಬಂದು ಗೋಡೆಯ ಸಾಕೆಟ್ಟಿಗೆ 14.6 ವೋಲ್ಟಿನ ಲಿಥಿಯಂ ಚಾರ್ಜರ್ ಚುಚ್ಚಿ ಮಲಗಿದರೆ ಎರಡೂ ಬ್ಯಾಟರಿ ಖಾಲಿಯಿಂದ ತುಂಬಲು ಮೂರು ಯೂನಿಟ್ ಕರೆಂಟು ಸಾಕು. ಕೆಎಸ್‌ಇಬಿ ಬಿಲ್ಲಿನಲ್ಲಿ ಅದು ಗೊತ್ತೂ ಆಗುವುದಿಲ್ಲ. ಡಿಸಿ-ಡಿಸಿ ಚಾರ್ಜರ್ ಬೇಕಾದದ್ದು ದಿನವಿಡೀ ರಸ್ತೆಯಲ್ಲಿರುವವರಿಗೆ, ಮೀನಿನ ಫ್ರೀಜರಿನವರಿಗೆ, ಒಂದೂರಿನಿಂದ ಇನ್ನೊಂದೂರಿಗೆ ಮನೆ ಮುಟ್ಟದೆ ಹೋಗುವ ಮೇಳದವರಿಗೆ. ಟ್ರೇಲರ್‌ನ ಮಾಡಿಗೆ ಸೋಲಾರ್ ಹಾಕಬಹುದು, ಆಟಿ ತಿಂಗಳಿನ ಮಳೆಯಲ್ಲಿ ಮಾತ್ರ ಅದನ್ನು ನಂಬಬೇಡಿ.

ಈಗ ದೂರು. ಬ್ಯಾಟರಿ ಮಾರುವ ಅಂಗಡಿಗಳಲ್ಲಿ ಇದನ್ನು ಕೇಳಿದರೆ "ಎಲ್ಲ ಒಳಗೇ ಉಂಟು, ಬಿಎಂಎಸ್ ನೋಡಿಕೊಳ್ಳುತ್ತದೆ" ಎನ್ನುತ್ತಾರೆ. ಬಿಎಂಎಸ್ ನೋಡಿಕೊಳ್ಳುವುದು ಬ್ಯಾಟರಿಯನ್ನು. ಡೈನಮೋದ ಗೊಡವೆ ಅದಕ್ಕಿಲ್ಲ. 100 ಆಂಪಿಯರಿನ ಬಿಎಂಎಸ್ ನೂರು ಆಂಪಿಯರ್ ಬಂದರೂ ಒಳಗೆ ಬಿಡುತ್ತದೆ. ಪೆಟ್ಟಿಗೆಯೊಳಗಿನ ಪುಸ್ತಕ ಇಂಗ್ಲಿಷಿನಲ್ಲಿ, ಕೆಲವಕ್ಕೆ ಚೀನಿಯಲ್ಲಿ. ಮಲಯಾಳದಲ್ಲಿ ವಿಡಿಯೋಗಳು ಬೇಕಾದಷ್ಟುಂಟು, ಒಳ್ಳೆಯವೂ ಉಂಟು, ನನಗೆ ಅರ್ಥವಾಗುತ್ತದೆ. ನಮ್ಮ ಗಡಿಯ ಈಚೆ ಬದಿಯಲ್ಲಿ ಕನ್ನಡ ಮಾತ್ರ ಓದಬಲ್ಲ ಹಿರಿಯ ಮೈಕಿನವರು, ತುಳು ಮಾತಾಡಿ ಕನ್ನಡದಲ್ಲಿ ಲೆಕ್ಕ ಬರೆಯುವ ಮೀನಿನವರು ಇದ್ದಾರೆ, ಅವರ ಕೈಗೆ ಏನೂ ಇಲ್ಲ. ಡೈನಮೋ ಸುಟ್ಟಾಗ ಗಾಡಿಯ ಕಂಪೆನಿಯವರು ಹೊರಗಿನ ವಯರಿಂಗ್ ಮಾಡಿಸಿದ್ದೀರಿ ಎಂದು ವಾರಂಟಿ ಕೊಡುವುದಿಲ್ಲ. ಬ್ಯಾಟರಿಯವರು ಬ್ಯಾಟರಿ ಚೆನ್ನಾಗಿದೆಯಲ್ಲ ಎನ್ನುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ, ದುಡ್ಡು ಹೋಗುವುದು ಮೈಕಿನವನದ್ದು.

ಆದ್ದರಿಂದ ಮಾರುವವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಟ್ರೇಲರ್‌ಗೆಂದು ಲಿಥಿಯಂ ಕೊಳ್ಳಲು ಬಂದವನ ಹತ್ತಿರ ಎಳೆಯುವ ಗಾಡಿ ಯಾವುದು, ಯಾವ ವರ್ಷದ್ದು, ಡೈನಮೋ ಎಷ್ಟು ಆಂಪಿಯರಿನದ್ದು ಎಂದು ಕೇಳಿ. ಯಾವ ಚಾರ್ಜರ್, ಎಷ್ಟು ಸ್ಕ್ವೇರ್ ಎಂಎಂ ಕೇಬಲ್, ಎಷ್ಟರ ಫ್ಯೂಸ್ ಎಂಬ ಮೂರು ಸಾಲನ್ನು ಬಿಲ್ಲಿನ ಹಿಂದೆ ಕನ್ನಡದಲ್ಲಿ ಬರೆದು ಸೀಲು ಹೊಡೆದು ಕೊಡಿ. ಕೊಳ್ಳುವವರು ಆ ಮೂರು ಸಾಲು ಕಾಣದೆ ದುಡ್ಡು ಎಣಿಸಬೇಡಿ. ನಿಮ್ಮ ಪುರವಣಿಯವರಿಗೆ ಬೇಕಾದರೆ ವಯರಿಂಗಿನ ಚಿತ್ರ ಬಿಡಿಸಿ ಕಳಿಸಿಕೊಡುತ್ತೇನೆ, ಅರ್ಧ ಪುಟ ಜಾಗ ಕೊಟ್ಟರೆ ಸಾಕು. ಕೊಡುವುದಾದರೆ ದೀಪಾವಳಿಗೆ ಮುಂಚೆ ಕೊಡಿ, ಮೇಳಗಳು ಹೊರಟ ಮೇಲೆ ಇವರು ಯಾರೂ ಓದಲು ಕೈಗೆ ಸಿಗುವುದಿಲ್ಲ.

ಇತಿ,
ಆಟೋ ಇಲೆಕ್ಟ್ರಿಷಿಯನ್, ಬದಿಯಡ್ಕ
ಕಾಸರಗೋಡು ಜಿಲ್ಲೆ